ಹಸುಗೂಸಿನ ಹಳದಿ: ಹಗಲ ಬೆಳಕಿನಲ್ಲಿ ನೋಡಿ

ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದಾರೆಂದು ಎರಡು ದಿನಗಳ ನಂತರ ಮನೆಗೆ ಕಳಿಸಿದರು. ಮರುದಿನ ನೋಡಿದರೆ ಮಗುವಿನ ಮುಖ ಯಾಕೋ ಹಳದಿಯಾಗಿ ಕಾಣುತ್ತದೆ. 'ಕಾಮಾಲೆ ಇರಬಹುದು, ತೋರಿಸಿಬಿಡಿ' ಎನ್ನುತ್ತಾರೆ ಪಕ್ಕದ ಮನೆಯವರು. 'ಅದೇನೂ ಆಗಲ್ಲ, ಎಲ್ಲ ಮಕ್ಕಳಿಗೂ ಬರುತ್ತೆ. ಬೆಳಗಿನ ಎಳೆ ಬಿಸಿಲಿಗೆ ಹಿಡಿದರೆ ಹೋಗುತ್ತೆ' ಎನ್ನುತ್ತಾರೆ ಅಜ್ಜಿ. ಬಾಣಂತಿಗೆ ದಿಗಿಲು. ಯಾರ ಮಾತನ್ನು ಕೇಳುವುದು?

ಇಬ್ಬರ ಮಾತಿನಲ್ಲೂ ನಿಜವಿದೆ. ದಿನ ತುಂಬಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ, ದಿನ ತುಂಬುವ ಮೊದಲೇ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಮೊದಲ ವಾರದಲ್ಲಿ ಮೈ ಹಳದಿಯಾಗುತ್ತದೆ. ಇವರಲ್ಲಿ ಬಹುಪಾಲು ಮಕ್ಕಳಿಗೆ ಅದು ತಾನಾಗಿಯೇ ಇಳಿದುಹೋಗುತ್ತದೆ. ಆದರೆ ಕೆಲವರಲ್ಲಿ ಹಳದಿ ಏರುತ್ತಲೇ ಹೋಗಿ ಮೆದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಸಕಾಲದಲ್ಲಿ ಗಮನಿಸಿದರೆ ಈ ಹಾನಿಯನ್ನು ತಪ್ಪಿಸಬಹುದು. ತೊಡಕಿರುವುದು ಇಲ್ಲಿ: ಹಳದಿ ಹೆಚ್ಚಾಗಿ ಏರುವುದು ಹುಟ್ಟಿದ 3ರಿಂದ 5ನೆಯ ದಿನದೊಳಗೆ. ಅಷ್ಟರಲ್ಲಿ ಮಗು ವೈದ್ಯರ ಕಣ್ಣಳತೆಯಿಂದ ದೂರವಾಗಿ ಮನೆ ಸೇರಿರುತ್ತದೆ. ಆಗ ನೋಡಿ ಗುರುತಿಸಬೇಕಾದವರು ನೀವೇ.

ಈ ಹಳದಿ ಎಲ್ಲಿಂದ ಬರುತ್ತದೆ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವುಗಳಲ್ಲಿದ್ದ ಹೀಮೋಗ್ಲೋಬಿನ್ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೂತ್ರದಲ್ಲಾಗಲಿ ಪಿತ್ತರಸದಲ್ಲಾಗಲಿ ನೇರವಾಗಿ ಹೊರಹೋಗಲಾರದು. ಯಕೃತ್ತಿನಲ್ಲಿರುವ ಒಂದು ಕಿಣ್ವ ಇದಕ್ಕೆ ಬೇರೊಂದು ಅಣುವನ್ನು ಜೋಡಿಸಿ ಕರಗುವಂತೆ ಮಾಡುತ್ತದೆ. ಆಮೇಲೆ ಅದು ಪಿತ್ತರಸದೊಡನೆ ಕರುಳಿಗೆ ಇಳಿದು ಮಲದಲ್ಲಿ ಹೊರಹೋಗುತ್ತದೆ.

ಗರ್ಭದಲ್ಲಿರುವಾಗ ಮಗುವಿಗೆ ಈ ಚಿಂತೆಯಿಲ್ಲ. ಅದರ ಬಿಲಿರುಬಿನ್ ಮಾಸುವಿನ ಮೂಲಕ ತಾಯಿಯ ರಕ್ತ ಸೇರುತ್ತದೆ. ವಿಲೇವಾರಿಯ ಕೆಲಸವೆಲ್ಲ ತಾಯಿಯ ಯಕೃತ್ತಿನದು. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಆ ಕೆಲಸ ಮಗುವಿನ ಪಾಲಿಗೆ ಬರುತ್ತದೆ. ಆಗ ಮೂರು ಕಷ್ಟಗಳು ಒಟ್ಟಿಗೇ ಎದುರಾಗುತ್ತವೆ. ಮೊದಲನೆಯದಾಗಿ, ಹಸುಗೂಸಿನಲ್ಲಿ ಕೆಂಪು ಕಣಗಳು ಹೆಚ್ಚು, ಅವುಗಳ ಆಯುಸ್ಸು ಕಡಿಮೆ, ಸುಮಾರು 80-90 ದಿನ. ಹೀಗಾಗಿ ದೇಹತೂಕಕ್ಕೆ ಹೋಲಿಸಿದರೆ ವಯಸ್ಕರಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಲಿರುಬಿನ್ ತಯಾರಾಗುತ್ತದೆ. ಎರಡನೆಯದಾಗಿ, ಯಕೃತ್ತಿನ ಆ ಕಿಣ್ವದ ಚಟುವಟಿಕೆ ಹುಟ್ಟಿದಾಗ ವಯಸ್ಕರಲ್ಲಿರುವುದರ ಶೇಕಡ 1ರಷ್ಟು ಮಾತ್ರ. ಮೂರನೆಯದಾಗಿ, ಕರುಳಿಗೆ ಇಳಿದ ಬಿಲಿರುಬಿನ್ ಬೇಗ ಹೊರಹೋಗದಿದ್ದರೆ ಮತ್ತೆ ರಕ್ತಕ್ಕೆ ಹೀರಿಕೆಯಾಗುತ್ತದೆ. ಮಗು ಮೊದಲ ದಿನಗಳಲ್ಲಿ ಮಾಡುವ ಕಪ್ಪು ಅಂಟು ಮಲದಲ್ಲಿ ಬಿಲಿರುಬಿನ್ ಸಾಕಷ್ಟಿರುತ್ತದೆ. ಹುಟ್ಟಿದ ತಕ್ಷಣ ತಾಯಿಯ ಮೊದಲ ಹಾಲು ಕುಡಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಆ ಹಾಲು ಮಲವನ್ನು ಬೇಗ ಹೊರತಳ್ಳುತ್ತದೆ.

ಆರೋಗ್ಯವಂತ ವಯಸ್ಕರಲ್ಲಿ 100 ಮಿಲಿಲೀಟರ್ ರಕ್ತದ ದ್ರವಭಾಗಕ್ಕೆ ಬಿಲಿರುಬಿನ್ 1 ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಹಸುಗೂಸಿನಲ್ಲಿ ಅದು ಸುಮಾರು 5 ಮಿಲಿಗ್ರಾಂ ದಾಟಿದಾಗ ಚರ್ಮ ಹಳದಿಯಾಗಿ ಕಾಣತೊಡಗುತ್ತದೆ. ತೀರ ಹೆಚ್ಚಾದರೆ ರಕ್ತದಿಂದ ಮೆದುಳಿಗೆ ನುಗ್ಗಿ, ಚಲನೆಯನ್ನು ನಿಯಂತ್ರಿಸುವ ಭಾಗಗಳನ್ನೂ ಕೇಳುವ ಶಕ್ತಿಗೆ ಸಂಬಂಧಿಸಿದ ಭಾಗಗಳನ್ನೂ ಕೆಡಿಸುತ್ತದೆ. ಬದುಕುಳಿದ ಮಗುವಿಗೆ ಕಿವುಡು, ಅಂಗಗಳ ಮೇಲೆ ಹಿಡಿತವಿಲ್ಲದಿರುವುದು ಜೀವನವಿಡೀ ಕಾಡಬಹುದು.

ನೋಡುವುದು ಹೇಗೆ?

ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಯ ಕೋಣೆ ಕತ್ತಲು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿರುತ್ತದೆ. ಒಂದು ಮಂದ ದೀಪ, ಜೊತೆಗೆ ಸಾಂಬ್ರಾಣಿ ಹೊಗೆ. ಮಗುವಿಗೆ ಎಣ್ಣೆ, ಅರಿಸಿನ ಬಳಿದಿರುವುದೂ ಉಂಟು. ಇಂಥ ಕಡೆ ಹಳದಿ ಹೆಚ್ಚಿದರೂ ತಿಳಿಯುವುದು ಹೇಗೆ? ಮೊದಲ ವಾರ ದಿನಕ್ಕೆ ಎರಡು ಬಾರಿಯಾದರೂ ಕಿಟಕಿ ತೆರೆದು, ಮಗುವಿನ ಬಟ್ಟೆ ಸರಿಸಿ, ಹಗಲ ಬೆಳಕಿನಲ್ಲಿ ನೋಡಿ. ಅರಿಸಿನ ಹಚ್ಚಬೇಡಿ. ಬೆರಳಿನಿಂದ ಹಣೆ, ಎದೆ, ಹೊಟ್ಟೆ, ತೊಡೆ, ಅಂಗಾಲುಗಳನ್ನು ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಒಂದು ಕ್ಷಣ ಬಿಳುಪೇರಿದಾಗ ಅಡಿಯ ಹಳದಿ ಕಾಣುತ್ತದೆ. ಮಗುವಿನ ಬಣ್ಣ ಕಪ್ಪಾಗಿದ್ದರೆ ಕಣ್ಣಿನ ಬಿಳಿಭಾಗವನ್ನೂ ಒಸಡನ್ನೂ ನೋಡಿ.

ಹಳದಿ ಸಾಮಾನ್ಯವಾಗಿ ಮುಖದಲ್ಲಿ ಮೊದಲು ಕಾಣಿಸಿ, ಹೆಚ್ಚಿದಂತೆ ಎದೆ, ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಆದರೆ ಕಣ್ಣಂದಾಜು ತಪ್ಪಬಹುದು. ಇದು ಪರೀಕ್ಷೆಗೆ ಕರೆದೊಯ್ಯಬೇಕೆಂಬ ಸೂಚನೆ ಮಾತ್ರ. ಚಿಕಿತ್ಸೆ ಬೇಕೋ ಬೇಡವೋ ಎಂಬುದು ರಕ್ತದಲ್ಲಿರುವ ಬಿಲಿರುಬಿನ್ ಪ್ರಮಾಣ, ಮಗುವಿಗೆ ಎಷ್ಟು ಗಂಟೆಯಾಯಿತು, ಎಷ್ಟನೆಯ ವಾರದಲ್ಲಿ ಹುಟ್ಟಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಐದನೆಯ ದಿನದ ಮಗುವಿಗೆ ಸಹಜವೆನಿಸುವ ಪ್ರಮಾಣ ಮೊದಲ ದಿನದ ಮಗುವಿಗೆ ಅಪಾಯಕಾರಿ.

ಕೆಳಗಿನ ಯಾವುದೇ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ:

1. ಹುಟ್ಟಿದ 24 ಗಂಟೆಗಳೊಳಗೇ ಹಳದಿ ಕಾಣುವುದು.
2. ಹೊಟ್ಟೆಯಿಂದ ಕೆಳಕ್ಕೆ, ಅದರಲ್ಲೂ ಅಂಗೈ ಅಂಗಾಲಿಗೆ ಹಳದಿ ಹರಡುವುದು.
3. ಮಗು ಮಂಕಾಗುವುದು, ಎಬ್ಬಿಸಿದರೂ ಹಾಲು ಕುಡಿಯದಿರುವುದು, ಕೀರಲು ದನಿಯಲ್ಲಿ ಅಳುವುದು, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವುದು, ಜ್ವರ ಬರುವುದು ಅಥವಾ ಮೈ ತಣ್ಣಗಾಗುವುದು.
4. ಎರಡು ವಾರ ಕಳೆದರೂ ಹಳದಿ ಇಳಿಯದಿರುವುದು.
5. ಮಲ ಸುಣ್ಣದಂತೆ ಬಿಳಿಚಿಕೊಂಡಿರುವುದು, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುವುದು.

ಕೊನೆಯದನ್ನು ವಿಶೇಷವಾಗಿ ನೆನಪಿಡಿ. ಇದು ಪಿತ್ತನಾಳಗಳು ಮುಚ್ಚಿಹೋಗುವ ಕಾಯಿಲೆಯ ಲಕ್ಷಣವಿರಬಹುದು. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವ ಮೊದಲು ಆದರೆ ಫಲ ಹೆಚ್ಚು.

ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಅಥವಾ 'ಓ' ಆಗಿದ್ದು ಮಗುವಿನದು ಬೇರೆಯಾಗಿದ್ದರೆ, ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಗುವಿನ ಕೆಂಪು ಕಣಗಳನ್ನು ಒಡೆಯಬಹುದು. ಆಗ ಹಳದಿ ಬೇಗ ಬರುತ್ತದೆ, ವೇಗವಾಗಿ ಏರುತ್ತದೆ. ದಿನ ತುಂಬದೆ ಹುಟ್ಟಿದ ಮಗು, ಹಿಂದಿನ ಮಗುವಿಗೂ ಕಾಮಾಲೆಗೆ ಚಿಕಿತ್ಸೆ ಬೇಕಾಗಿದ್ದ ಮನೆ, ಇಂಥ ಕಡೆಯೂ ಹೆಚ್ಚಿನ ಎಚ್ಚರ ಬೇಕು.

ಬೆಳಕೇ ಮದ್ದು

ಕಾಮಾಲೆಗೆ ಬೆಳಕಿನ ಚಿಕಿತ್ಸೆ ದೊರೆತದ್ದು ಒಬ್ಬ ದಾದಿಯ ಗಮನದಿಂದ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ದಿನ ತುಂಬದ ಮಕ್ಕಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ವಾರ್ಡ್. ಬಿಸಿಲಿರುವ ದಿನ ಮಕ್ಕಳನ್ನು ಅಂಗಳಕ್ಕೆ ತರುವುದು ಅವರ ರೂಢಿ. 1956ರ ಬೇಸಿಗೆಯಲ್ಲಿ ಅವರು ಒಂದು ಮಗುವನ್ನು ವೈದ್ಯರಿಗೆ ತೋರಿಸಿದರು. ಮಗುವಿನ ಮೈ ಬಿಳುಪಾಗಿತ್ತು. ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನಾಕಾರದ ಜಾಗ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಆ ಬಳಿಕ, ಬಿಸಿಲು ಬೀಳುವ ಕಿಟಕಿಯ ಬಳಿ ಉಳಿದುಹೋಗಿದ್ದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆ ಬಂದಿತು. ಎರಡನ್ನೂ ಹೊಂದಿಸಿ ನೋಡಿ, ಕ್ರೀಮರ್ ಮತ್ತು ಸಂಗಡಿಗರು ಕೃತಕ ದೀಪದಡಿ ಮಕ್ಕಳನ್ನು ಮಲಗಿಸಿ ಪರೀಕ್ಷಿಸಿ, 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು.

ಬೆಳಕು ಮಾಡುವುದಾದರೂ ಏನು? ಬಿಲಿರುಬಿನ್ ಅಣು ನೀರಿಗೆ ಹೊಂದುವ ತನ್ನ ಭಾಗಗಳನ್ನು ಒಳಕ್ಕೆ ಮಡಚಿಕೊಂಡಿರುತ್ತದೆ. ಹಾಗಾಗಿಯೇ ಅದು ಕರಗುವುದಿಲ್ಲ. ಯಾವುದೇ ವಸ್ತು ಹಳದಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ. ಬಿಲಿರುಬಿನ್ ಕೂಡ 460ರಿಂದ 490 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕನ್ನು ಹೀರಿದಾಗ ಅಣುವಿನ ಮಡಿಕೆ ಬಿಚ್ಚಿ ಆಕಾರ ಬದಲಾಗುತ್ತದೆ. ಹೊಸ ರೂಪ ನೀರಿನಲ್ಲಿ ಕರಗುತ್ತದೆ, ಯಕೃತ್ತಿನ ಕಿಣ್ವಕ್ಕಾಗಿ ಕಾಯದೆ ಪಿತ್ತರಸ, ಮೂತ್ರಗಳಲ್ಲಿ ಹೊರಹೋಗುತ್ತದೆ. ಆಸ್ಪತ್ರೆಯಲ್ಲಿ ಮಗುವನ್ನು ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದಡಿ ಮಲಗಿಸುವುದು ಇದಕ್ಕಾಗಿ. ಆ ದೀಪ ಕಂಡು ಹೆದರಬೇಡಿ. ಹಾಲು ಕುಡಿಸಲು ಮಗುವನ್ನು ಎತ್ತಿಕೊಳ್ಳಬಹುದು. ದೀಪದಿಂದ ಸಾಲದಿದ್ದಾಗ ಮಗುವಿನ ರಕ್ತವನ್ನೇ ಬದಲಿಸುವ ಕ್ರಮವೂ ಇದೆ.

ಹಾಗಾದರೆ ಅಜ್ಜಿ ಹೇಳುವ ಬಿಸಿಲು ಸಾಲದೆ? ಬಿಸಿಲಿನಲ್ಲಿ ನೀಲಿ ಬೆಳಕು ಇದೆ ನಿಜ. ಆದರೆ ಅದರೊಡನೆ ಚರ್ಮವನ್ನು ಸುಡುವ ಅತಿನೇರಳೆ ಕಿರಣ, ಮೈಯನ್ನು ಕಾಯಿಸುವ ಅವಕೆಂಪು ಕಿರಣಗಳೂ ಇವೆ. ಮಗುವನ್ನು ಬೆತ್ತಲೆಯಾಗಿ ಗಂಟೆಗಟ್ಟಲೆ ಬಿಸಿಲಲ್ಲಿಡಲಾಗದು. ಬಟ್ಟೆ ಸುತ್ತಿ ಹತ್ತು ನಿಮಿಷ ಹಿಡಿದರೆ ಬೆಳಕು ತಾಗುವುದು ಮುಖಕ್ಕೆ ಮಾತ್ರ. ನೈಜೀರಿಯದಲ್ಲಿ ಹಾನಿಕರ ಕಿರಣಗಳನ್ನು ಸೋಸುವ ಹಾಳೆಯ ಚಪ್ಪರದಡಿ ಮಕ್ಕಳನ್ನಿಟ್ಟು ಬಿಸಿಲಿನಿಂದಲೇ ಚಿಕಿತ್ಸೆ ಕೊಡಬಹುದೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ವೈದ್ಯರ ನಿಗಾದಲ್ಲಿ, ರಕ್ತ ಪರೀಕ್ಷಿಸುತ್ತ ಮಾಡಿದ್ದು. ಮನೆಯಲ್ಲಿ ಬಿಸಿಲನ್ನೇ ನಂಬಿ ಕುಳಿತರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.

ಕೆಲವು ಸಂದೇಹಗಳು

ತಾಯಿ ಅರಿಸಿನ, ತೊಗರಿಬೇಳೆ ಬಿಡಬೇಕೆ? ಬೇಡ. ಬಿಲಿರುಬಿನ್ ಹುಟ್ಟುವುದು ಮಗುವಿನ ರಕ್ತದಲ್ಲಿ, ತಾಯಿಯ ಊಟದ ತಟ್ಟೆಯಲ್ಲಲ್ಲ. ಪಥ್ಯದ ಹೆಸರಿನಲ್ಲಿ ಬಾಣಂತಿಯನ್ನು ಅರೆಹೊಟ್ಟೆಯಲ್ಲಿಡುವುದೇ ತಪ್ಪು.

ಗ್ಲೂಕೋಸ್ ನೀರು ಕುಡಿಸಬಹುದೆ? ಬೇಡ. ನೀರು ಹೊಟ್ಟೆ ತುಂಬಿಸಿ ಹಾಲು ಕುಡಿಯುವುದನ್ನು ಕಡಿಮೆ ಮಾಡುತ್ತದೆ. ದಿನಕ್ಕೆ 8ರಿಂದ 12 ಬಾರಿ ಎದೆಹಾಲು ಕುಡಿಸಿ. ಎದೆಹಾಲು ಕುಡಿಯುವ, ಚೆನ್ನಾಗಿ ತೂಕ ಏರುತ್ತಿರುವ ಕೆಲವು ಮಕ್ಕಳಲ್ಲಿ ಹಳದಿ ಕೆಲವು ವಾರ ಉಳಿಯುವುದುಂಟು. ಪರೀಕ್ಷಿಸಿ ಬೇರೆ ಕಾರಣವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಚಿಂತೆ ಬೇಡ, ಹಾಲು ನಿಲ್ಲಿಸಲೂಬೇಡಿ.

ಟ್ರಂಕಿನಲ್ಲಿಟ್ಟ ಹಳೆಯ ಬಟ್ಟೆ ತೊಡಿಸಬಹುದೆ? ನುಸಿಗುಳಿಗೆ ಹಾಕಿಟ್ಟ ಬಟ್ಟೆ ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಆವಿ ಕೆಂಪು ಕಣಗಳನ್ನು ಒಡೆದು ಕಾಮಾಲೆಯನ್ನು ದಿಢೀರನೆ ಏರಿಸಬಲ್ಲದು. ಕೊರತೆ ಯಾರಿಗಿದೆಯೆಂದು ನೋಡಿ ಹೇಳಲಾಗದು.

ಬರೆ ಹಾಕಿಸಿದರೆ ಹೋಗುತ್ತದೆಯೆ? ಕೂಡದು. ಸಹಜ ಕಾಮಾಲೆ ತಾನಾಗಿಯೇ ಇಳಿಯುವುದರಿಂದ ಬರೆಗೆ ಹೆಸರು ಬಂದಿದೆ. ಎಳೆಯ ಚರ್ಮಕ್ಕೆ ಸುಟ್ಟ ಗಾಯವಾದರೆ ನಂಜೇರಿ ಜೀವಕ್ಕೇ ಕುತ್ತು.

ಆಸ್ಪತ್ರೆಯಿಂದ ಹೊರಡುವಾಗ, ಮಗುವಿನ ಬಿಲಿರುಬಿನ್ ನೋಡಿದ್ದೀರಾ, ಮತ್ತೆ ಯಾವಾಗ ತೋರಿಸಬೇಕು ಎಂದು ಕೇಳಿ, ಬರೆಸಿಕೊಳ್ಳಿ. ಆಶಾ ಕಾರ್ಯಕರ್ತೆ 3, 7, 14ನೆಯ ದಿನಗಳಲ್ಲಿ ಮನೆಗೆ ಬಂದಾಗ ಮಗುವನ್ನು ಬೆಳಕಿಗೆ ತಂದು ತೋರಿಸಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹಸುಗೂಸಿನ ಚಿಕಿತ್ಸೆ ಉಚಿತ. ಅವಸರವಾದರೆ 108ಕ್ಕೆ ಕರೆ ಮಾಡಿ. ರಾತ್ರಿ ಮಗು ಮಂಕಾಗಿ ಹಾಲು ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ.