ಬಂಡೆ ಮೊದಲು, ಹಳಿ ಆಮೇಲೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಘಟ್ಟ ಇಳಿಯುವ ರೈಲು ಹಾದಿ 55 ಕಿಲೋಮೀಟರ್. ಅಷ್ಟರೊಳಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಮುಂದೆ ಸಾಗಿದರೆ ಒಂದಡಿ ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ಹೆಸರು ಹೇಳಿದರೆ ಸಾಕು, ಹಗಲಿನಲ್ಲಿ ಆ ದಾರಿ ಹಿಡಿದವರ ಕಣ್ಣಿಗೆ ಕಟ್ಟುವುದು ಕಿಟಕಿಯ ಪಕ್ಕಕ್ಕೇ ಒತ್ತಿಕೊಂಡು ಬರುವ, ನೀರು ಜಿನುಗುವ ಬಂಡೆ.

ಈ ದಾರಿಯನ್ನು ಮನೆಯ ಮೇಜಿನ ಮೇಲೆ ಕಟ್ಟಬೇಕೆಂದು ಆಸೆಪಡುವ ಮಾದರಿ ರೈಲು ಹವ್ಯಾಸಿಗಳು ಸಾಮಾನ್ಯವಾಗಿ ಎಂಜಿನ್ನಿನಿಂದ ಶುರುಮಾಡುತ್ತಾರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. 21 ಮೀಟರ್ ಉದ್ದದ ಡೀಸೆಲ್ ಎಂಜಿನ್ ಸುಮಾರು 24 ಸೆಂಟಿಮೀಟರ್ ಆಗುತ್ತದೆ, 15 ಮೀಟರ್ ಎತ್ತರದ ಬಂಡೆ ಒಂದು ಗೇಣಿಗೂ ಕಡಿಮೆಯಾಗುತ್ತದೆ. ಎಂಜಿನ್, ಬೋಗಿ, ಹಳಿ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತವೆ. ಬಂಡೆಯನ್ನು ಮಾತ್ರ ಕೈಯಾರೆ ಮಾಡಬೇಕು. ಒಂದು ಮಾದರಿ ನಿಜವೆನಿಸುತ್ತದೋ ಇಲ್ಲವೋ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಿಜವಾದ ಕಲ್ಲನ್ನೇ ತಂದಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಇಟ್ಟು ನೋಡಿದರೆ ತಿಳಿಯುತ್ತದೆ: ಅದು ಬೆಟ್ಟವಾಗಿ ಕಾಣುವುದಿಲ್ಲ, ಕಲ್ಲಾಗಿಯೇ ಉಳಿಯುತ್ತದೆ. ಕಾರಣ ಅದರ ಹರಳು. ರಾಮನಗರದ ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಐದು ಮಿಲಿಮೀಟರಿನ ಹರಳು ಎಚ್‌ಒ ಲೋಕದಲ್ಲಿ ಸುಮಾರು ಒಂದೂವರೆ ಅಡಿಯದಾಗುತ್ತದೆ. ಅಂಥ ಬೆಟ್ಟ ಎಲ್ಲಿದೆ? ಆದರೆ ಕಲ್ಲು ಒಡೆದ ಮುಖದ ಬಿರುಕು, ಮೆಟ್ಟಿಲು, ಚೂಪು ಅಂಚುಗಳ ವಿಷಯ ಬೇರೆ. ಅವು ಅಂಗೈಯಗಲದ ತುಂಡಿನಲ್ಲೂ ನೂರಡಿಯ ಪ್ರಪಾತದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಭೂವಿಜ್ಞಾನಿಗಳು ಬಂಡೆಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ಪೆನ್ನನ್ನೋ ಇಡುವುದು ಇದಕ್ಕೇ. ಇಡದಿದ್ದರೆ ಗಾತ್ರ ಹೇಳಲಾಗದು. ಹಾಗಾಗಿ ಕಲ್ಲಿನ ಆಕಾರವನ್ನು ಉಳಿಸಿಕೊಂಡು ಹರಳನ್ನು ಬಿಡಬೇಕು. ಅಚ್ಚು ಮಾಡುವುದು ಅದನ್ನೇ.

ಅಚ್ಚಿಗೆ ಬೇಕಾದದ್ದು ದ್ರವ ಲೇಟೆಕ್ಸ್. ಆ ಘಟ್ಟದ ಬುಡದಲ್ಲಿ, ಸುಳ್ಯದ ಕಡೆಯ ತೋಟಗಳಲ್ಲಿ ಇಳಿಸುವ ರಬ್ಬರ್ ಹಾಲನ್ನು ಸಂಸ್ಕರಿಸಿದರೆ ಸಿಗುವುದೂ ಇದೇ. ಕಲ್ಲನ್ನು ಚೆನ್ನಾಗಿ ತೊಳೆದು, ಮೊದಲ ಕೋಟನ್ನು ತೆಳ್ಳಗೆ, ಬಿರುಕುಗಳಲ್ಲಿ ಗುಳ್ಳೆ ನಿಲ್ಲದಂತೆ ಬ್ರಷ್ಷಿನಿಂದ ಕುಕ್ಕಿ ಕುಕ್ಕಿ ಹಚ್ಚಬೇಕು. ಒಣಗಿದ ಮೇಲೆ ಮತ್ತೊಂದು, ಅದರ ಮೇಲೆ ಮತ್ತೊಂದು. ನಡುವೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಪದರ. ಐದಾರು ಕೋಟಾದ ಮೇಲೆ ಮೆಲ್ಲಗೆ ಸುಲಿದರೆ ಕಲ್ಲಿನ ಚರ್ಮವೇ ಕೈಗೆ ಬಂದಂತಿರುತ್ತದೆ.

ಬೆಟ್ಟದ ಒಡಲಿಗೆ ರಟ್ಟಿನ ಪಟ್ಟಿಗಳ ಹಂದರ ಸಾಕು. ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಟವೆಲ್ ಹೊದಿಸುವ ‘ಹಾರ್ಡ್‌ಶೆಲ್’ ವಿಧಾನವನ್ನು ಜನಪ್ರಿಯಗೊಳಿಸಿದರು. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಲಾಸ್ಟರ್ ಬ್ಯಾಂಡೇಜೇ ಆ ಕೆಲಸಕ್ಕೆ ಒದಗುತ್ತದೆ. ಅದು ಗಟ್ಟಿಯಾದ ಮೇಲೆ ಅಚ್ಚಿನ ಸರದಿ. ಪಿಒಪಿ ಪುಡಿಯನ್ನು ನೀರಿಗೆ ಉದುರಿಸಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಬಟ್ಟಲು ಚೊಕ್ಕಟವಾಗಿರಬೇಕು, ಹಳೆಯ ಪ್ಲಾಸ್ಟರಿನ ಚೂರು ಉಳಿದಿದ್ದರೆ ಹೊಸದು ಬೇಗ ಬಿಗಿದುಕೊಳ್ಳುತ್ತದೆ. ಒಡಲಿಗೆ ನೀರು ಚಿಮುಕಿಸಿ, ಅಚ್ಚಿಗೆ ಸುರಿದ ಪ್ಲಾಸ್ಟರ್ ಹರಿಯುವುದನ್ನು ನಿಲ್ಲಿಸಿ ಮೊಸರಿನಂತೆ ನಿಂತಾಗ ಅಚ್ಚನ್ನು ಒತ್ತಿ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಅಂಗೈಗೆ ಬಿಸಿ ತಾಗುತ್ತದೆ. ಬಿಸಿ ಪೂರಾ ಏರಿದ ಮೇಲಷ್ಟೇ ಅಚ್ಚು ಬಿಡಿಸಬೇಕು.

ಇಷ್ಟು ಕಲಿಯುವುದು ಕಷ್ಟವಲ್ಲ. ಕಷ್ಟವಿರುವುದು ಶಿಲೆಯನ್ನು ಓದುವುದರಲ್ಲಿ. ಲಾಲ್‌ಬಾಗಿನ ಬಂಡೆಯನ್ನು ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯಲ್ಲಿ ಬಿಳಿ, ಬೂದು ಪಟ್ಟೆಗಳು ಒಂದೇ ದಿಕ್ಕಿಗೆ ಸಾಗುತ್ತವೆ. ಬಳುಕಿದರೂ ಒಟ್ಟಾಗಿಯೇ ಬಳುಕುತ್ತವೆ. ಹಾಗೆಯೇ ಒಂದು ಕಣಿವೆಯ ಎರಡೂ ಬದಿಯಲ್ಲಿ ಬಿರುಕುಗಳ ವಾಲಿಕೆಗೆ ಸಂಬಂಧವಿರುತ್ತದೆ. ಅಚ್ಚುಗಳನ್ನು ಒಂದು ನೆಟ್ಟಗೆ, ಒಂದು ಅಡ್ಡ, ಒಂದು ಓರೆ ಅಂಟಿಸಿದರೆ, ಎಷ್ಟೇ ಚೆಂದದ ಬಣ್ಣ ಬಳಿದರೂ ಬೆಟ್ಟ ತೇಪೆಯಾಗಿಯೇ ಕಾಣುತ್ತದೆ. ಎಲ್ಲ ತುಂಡುಗಳೂ ಒಂದೇ ಕಡೆಗೆ ವಾಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಗುರುತನ್ನು ಬಹಳ ಜನ ಮರೆಯುತ್ತಾರೆ. ರೈಲಿಗಾಗಿ ಸಿಡಿಮದ್ದು ಇಟ್ಟು ಕಡಿದ ಬಂಡೆಗೂ ಮಳೆಗಾಳಿಗೆ ಸವೆದ ಬಂಡೆಗೂ ವ್ಯತ್ಯಾಸವಿದೆ. ಕಡಿದ ಮುಖದಲ್ಲಿ ಅಲ್ಲಲ್ಲಿ ನೇರವಾಗಿ ಇಳಿದ, ಸೀಳಿದ ಕೊಳವೆಯಂಥ ಗೆರೆಗಳು ಕಾಣುತ್ತವೆ. ಮದ್ದು ತುಂಬಲು ಕೊರೆದ ಕುಳಿಗಳ ಅರ್ಧಭಾಗ ಅವು. ಎಚ್‌ಒ ಅಳತೆಯಲ್ಲಿ ಅವುಗಳ ಅಗಲ ಅರ್ಧ ಮಿಲಿಮೀಟರೂ ಇರದು. ಒದ್ದೆ ಪ್ಲಾಸ್ಟರಿನ ಮೇಲೆ ಸೂಜಿಯಿಂದ ನಾಲ್ಕೈದು ಗೆರೆ ಗೀರಿದರೆ ಆ ಗೋಡೆ ಮನುಷ್ಯರು ಕಡಿದ ದಾರಿಯಾಗುತ್ತದೆ.

ಬಣ್ಣ ಹಚ್ಚುವಾಗ ಡಬ್ಬಿಯ ಬೂದುಬಣ್ಣವನ್ನು ಒಂದೇ ಸಮ ಬಳಿಯಬೇಡಿ. ಯೆಲ್ಲೋ ಓಕರ್, ಬರ್ನ್ಟ್ ಅಂಬರ್, ಕಪ್ಪು, ಮೂರನ್ನೂ ಬೇರೆಬೇರೆಯಾಗಿ ನೀರಾಗಿಸಿ, ಒಣ ಪ್ಲಾಸ್ಟರಿನ ಮೇಲೆ ಮಚ್ಚೆ ಮಚ್ಚೆಯಾಗಿ ತಾಗಿಸಿ. ಕೊನೆಗೆ ಇನ್ನೂ ತೆಳುವಾದ ಕಪ್ಪುನೀರು ಹರಿಸಿದರೆ ಬಿರುಕಿನಲ್ಲಿ ನೆರಳು ಕೂರುತ್ತದೆ. ಘಟ್ಟದ ಬಂಡೆಗೆ ಇದರ ಮೇಲೆ ಪಾಚಿಯ ಹಸಿರು, ನೀರು ಇಳಿದ ಕಪ್ಪು ಪಟ್ಟಿ, ನೆತ್ತಿಯಲ್ಲಿ ಕೆಮ್ಮಣ್ಣಿನ ಪದರ ಬೇಕು. ಬುಡದಲ್ಲಿ ಉದುರಿ ಬಿದ್ದ ಕಲ್ಲುಪುಡಿಗೆ ಬಂಡೆಯದೇ ಬಣ್ಣವಿರಬೇಕು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲುಗಳೇ ನಿಂತಿದ್ದವು. ಅಲ್ಲಿನ ಗುಡ್ಡ ಸುಮ್ಮನೆ ಕುಳಿತದ್ದಲ್ಲ ಎಂಬುದು ಮಾದರಿಯಲ್ಲೂ ತಿಳಿಯಬೇಕು.

ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಛಾಯಾಗ್ರಾಹಕ ಜಾನ್ ಅಲೆನ್ ಕಟ್ಟಿದ ‘ಗೋರಿ ಅಂಡ್ ಡಿಫೀಟೆಡ್’ ಮಾದರಿಯಲ್ಲಿ ಬೆಟ್ಟಗಳು ನೆಲದಿಂದಲೇ ಎದ್ದು ಚಾವಣಿಯತ್ತ ಏರಿದ್ದವು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಉಳಿದ ಫೋಟೊಗಳನ್ನು ಹವ್ಯಾಸಿಗಳು ಇವತ್ತಿಗೂ ಪಾಠದಂತೆ ನೋಡುತ್ತಾರೆ. ಹ್ಯಾಂಬರ್ಗಿನ ಮಿನಿಯಾಟುರ್ ವುಂಡರ್‌ಲ್ಯಾಂಡ್ ಎಂಬ ಮಾದರಿ ರೈಲು ಪ್ರದರ್ಶನದಲ್ಲಿ ಸ್ವಿಸ್ ಪರ್ವತಗಳು ಎರಡು ಅಂತಸ್ತು ದಾಟಿ ಸುಮಾರು ಆರು ಮೀಟರ್ ಎತ್ತರಕ್ಕೆ ನಿಂತಿವೆ. ಅವೆಲ್ಲ ಆಯಾ ನಾಡಿನ ಕಲ್ಲುಗಳು. ಪರದೇಶದ ಬೆಟ್ಟದ ಸಿದ್ಧ ಅಚ್ಚು ತರಿಸಿ ಸಕಲೇಶಪುರ ಎಂದು ಫಲಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಓದುಗರಲ್ಲಿ ಒಂದು ವಿನಂತಿ. ಲಾಲ್‌ಬಾಗ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಪಟ್ಟೆಗಳನ್ನು ನೋಡಿ, ಫೋಟೊ ತೆಗೆದುಕೊಳ್ಳಿ, ರಬ್ಬರ್ ಬಳಿಯಬೇಡಿ. ರೈಲು ಹಳಿಯ ಪಕ್ಕ ನಡೆದು ಹೋಗಿ ಕಲ್ಲು ಹುಡುಕುವ ಸಾಹಸವೂ ಬೇಡ. ಮನೆ ಕಟ್ಟುವ ಕಡೆ ಪಾಯಕ್ಕೆ ತಂದು ಸುರಿದ ಸೈಜುಗಲ್ಲಿನ ರಾಶಿಯಲ್ಲಿ ಹೊಸದಾಗಿ ಒಡೆದ ಮುಖದ ಕಲ್ಲು ಬೇಕಾದಷ್ಟು ಇರುತ್ತದೆ. ಮಾಲೀಕರನ್ನು ಕೇಳಿ ಒಂದು ತುಂಡು ತನ್ನಿ, ಒಂದು ಅಚ್ಚಿಗೆ ಅಷ್ಟು ಸಾಕು.