ಕುಣಿಯೋ ಕಾಲಿಗೆ ಯಾವ ಶೂ? ನೆಲ ಹೇಳಬೇಕಾದ ಮಾತನ್ನು ಜಾತಿ ಮತ್ತು ಜೇಬು ಹೇಳುತ್ತಿವೆ

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರು ಬಂಡೀಪುರ ಕಾಡಿನ ಅಂಚಿಗಿರುವ ಊರು. ಅಲ್ಲಿನ ಸರ್ಕಾರಿ ಶಾಲೆಯ ಒಬ್ಬ ಹುಡುಗಿ ಮೊಬೈಲ್‌ನಲ್ಲಿ ವಾಲ್ಟ್ಜ್ ನೃತ್ಯ ನೋಡಿ ಮನಸೋತಿದ್ದಾಳೆ ಅಂದುಕೊಳ್ಳಿ. ಶಾಲಾ ವಾರ್ಷಿಕೋತ್ಸವಕ್ಕೆ ಗೆಳತಿಯ ಜೊತೆ ಅದನ್ನೇ ಕುಣಿಯೋ ಆಸೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಹೆಜ್ಜೆಗಳನ್ನೂ ಕಲಿತಾಯ್ತು. ಈಗಿರೋದು ಒಂದೇ ಪ್ರಶ್ನೆ: ಪ್ರಾಕ್ಟೀಸ್‌ಗೆ ಕಾಲಿಗೆ ಏನು ಹಾಕಿಕೊಳ್ಳೋದು?

ಅವಳ ಮುಂದಿರುವ ಆಯ್ಕೆ ಮೂರೇ. ಶಾಲೆಯಲ್ಲಿ ಕೊಟ್ಟ ಕಪ್ಪು ಶೂ, ಮನೆಯಲ್ಲಿರುವ ಹವಾಯಿ ಚಪ್ಪಲಿ, ಇಲ್ಲವೇ ಬರಿಗಾಲು.

ಇದೇನು ದೊಡ್ಡ ಪ್ರಶ್ನೆಯಾ ಅನ್ನಿಸಬಹುದು. ಆದರೆ ಕುಣಿತದಲ್ಲಿ ಮಂಡಿ ಉಳಿಯುತ್ತೋ ಇಲ್ಲವೋ ಅನ್ನೋದು ಬಹಳ ಮಟ್ಟಿಗೆ ಇದರ ಮೇಲೇ ನಿಂತಿದೆ. ಜೊತೆಗೆ, ಯಾರ ಕಾಲಿಗೆ ಏನು ಹಾಕೋ ಹಕ್ಕಿದೆ ಅನ್ನೋದು ನಮ್ಮಲ್ಲಿ ಯಾವತ್ತೂ ಬರೀ ಶೂ ವಿಷಯ ಆಗಿರಲಿಲ್ಲ.

ಮೊದಲು ನೆಲ ನೋಡಿ

ವಾಲ್ಟ್ಜ್, ಫಾಕ್ಸ್‌ಟ್ರಾಟ್, ಟ್ಯಾಂಗೊ, ಚಾ ಚಾ ಇವೆಲ್ಲ ಬಾಲ್‌ರೂಂ ಕುಟುಂಬದ ಜೋಡಿ ನೃತ್ಯಗಳು. ಇವುಗಳಲ್ಲಿ ಪಾದ ಸುಮ್ಮನೆ ಎತ್ತಿ ಇಡೋದಿಲ್ಲ. ನೆಲದ ಮೇಲೆ ಜಾರುತ್ತದೆ, ಮುಂಗಾಲಿನ ಮೇಲೆ ತಿರುಗುತ್ತದೆ. ಹಾಗಾಗಿ ಶೂಗೆ ಎರಡು ವಿರುದ್ಧ ಗುಣ ಒಟ್ಟಿಗೇ ಬೇಕು. ತಿರುಗುವಾಗ ಬಿಡಬೇಕು, ನಿಲ್ಲುವಾಗ ಹಿಡಿಯಬೇಕು.

ನಾವು ಓಡೋಕೆ ಹಾಕುವ ರಬ್ಬರ್ ಅಡಿಯ ಶೂ ಹಿಡಿಯುತ್ತೆ, ಆದರೆ ಬಿಡೋದಿಲ್ಲ. ದೇಹ ತಿರುಗಿದರೂ ಪಾದ ನೆಲಕ್ಕೆ ಅಂಟಿಕೊಂಡೇ ಇರುತ್ತೆ. ಆ ತಿರುಚು ನೇರವಾಗಿ ಮಂಡಿಗೆ ಹೋಗುತ್ತೆ. ಮಂಡಿ ಮುಖ್ಯವಾಗಿ ಮಡಚೋಕೆ, ಬಿಡಿಸೋಕೆ ಇರುವ ಕೀಲು. ತಿರುಚೋಕೆ ಅಲ್ಲಿ ಜಾಗ ಕಡಿಮೆ. ಅದಕ್ಕೇ ನೃತ್ಯದ ಶೂಗಳ ಅಡಿಗೆ ಸ್ವೇಡ್ ಹಾಕುತ್ತಾರೆ. ಅಂದರೆ ತೊಗಲಿನ ಒಳಮೈಯನ್ನು ಉಜ್ಜಿ ತರಿ ಎಬ್ಬಿಸಿದ ಮೆತ್ತನೆಯ ಚರ್ಮ. ಅದು ಮರದ ನೆಲದ ಮೇಲೆ ಹದವಾಗಿ ಜಾರುತ್ತೆ, ಹದವಾಗಿ ನಿಲ್ಲುತ್ತೆ. ಬಳಸಿ ಬಳಸಿ ಅದು ನುಣುಪಾದಾಗ ತಂತಿಯ ಬ್ರಷ್‌ನಿಂದ ಉಜ್ಜಿ ಮತ್ತೆ ತರಿ ಮಾಡಿಕೊಳ್ಳಬೇಕು. ನೀರು, ಕೆಸರು ತಾಗಿದರೆ ಹಾಳಾಗುತ್ತೆ. ಹಾಗಾಗಿ ಅದನ್ನು ಹಾಕಿಕೊಂಡು ರಸ್ತೆಗಿಳಿಯೋ ಹಾಗಿಲ್ಲ.

ಇನ್ನು ಹಿಮ್ಮಡಿ. ವೇದಿಕೆಯ ಮೇಲೆ ಹೆಂಗಸರು ಹಾಕೋದು ಎರಡೂವರೆ ಇಂಚಿನ ಆಸುಪಾಸಿನ ಹಿಮ್ಮಡಿಯ ಶೂ. ಪ್ರಾಕ್ಟೀಸ್‌ಗೆ ಅಷ್ಟು ಬೇಡ. ಒಂದು, ಒಂದೂವರೆ ಇಂಚಿನ ಅಗಲ ಹಿಮ್ಮಡಿಯ, ಲೇಸ್ ಇಲ್ಲವೇ ಪಟ್ಟಿ ಇರುವ ಶೂ ಸಾಕು. ಶೂ ಪಾದಕ್ಕೆ ಬಿಗಿಯಾಗಿ ಕೂರಬೇಕು, ಆದರೆ ಬೆರಳು ಮಡಚಬಾರದು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ, ಅಳತೆ ನೋಡೋಕೆ ಅದೇ ಸರಿಯಾದ ಹೊತ್ತು.

ದುಡ್ಡಿಲ್ಲದಿದ್ದರೆ ಏನು ದಾರಿ?

ಮೇಲೆ ಹೇಳಿದ ಶೂ ಸಿಗೋದು ದೊಡ್ಡ ನಗರಗಳಲ್ಲಿ, ಸಾವಿರಗಳ ಲೆಕ್ಕದಲ್ಲಿ. ಎನ್. ಬೇಗೂರಿನ ಹುಡುಗಿಗೆ ಅದು ದೂರದ ಮಾತು. ಆದರೆ ಶೂ ಹಿಂದಿರುವ ತತ್ವ ಪುಕ್ಕಟೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮುಂಗಾಲಿನ ಮೇಲೆ ನಿಂತು ನಿಧಾನವಾಗಿ ಪಕ್ಕಕ್ಕೆ ತಿರುಗಿ. ಪಾದ, ಮಂಡಿ ಎರಡೂ ಒಟ್ಟಿಗೆ ತಿರುಗಿದರೆ ಸರಿ. ಪಾದ ಅಲ್ಲೇ ಉಳಿದು ಮಂಡಿ ಮಾತ್ರ ತಿರುಗಿದರೆ ಆ ಶೂ ಬೇಡ. ನಿಲ್ಲಬೇಕಾದ ಕಡೆ ನಿಲ್ಲದೆ ಜಾರಿದರೂ ಬೇಡ.

ಈ ಪರೀಕ್ಷೆಯಲ್ಲಿ ಹವಾಯಿ ಚಪ್ಪಲಿ ಮೊದಲೇ ಸೋಲುತ್ತೆ. ಅದು ಪಾದವನ್ನೇ ಹಿಡಿದಿರೋದಿಲ್ಲ. ಸಿಮೆಂಟ್ ನೆಲದಲ್ಲಿ ಕಪ್ಪು ಶೂವಿನ ರಬ್ಬರ್ ಅಡಿ ಅಂಟುತ್ತೆ. ಗುಡಿಸಿದ ಮಣ್ಣಿನ ಅಂಗಳ ಆದರೆ ಬರಿಗಾಲೇ ವಾಸಿ, ಮೇಲಿನ ಸಣ್ಣ ಧೂಳು ತಿರುಗೋಕೆ ದಾರಿ ಮಾಡಿಕೊಡುತ್ತೆ. ನುಣುಪಾದ ರೆಡ್ ಆಕ್ಸೈಡ್ ಜಗುಲಿಯಲ್ಲೂ ನಿಧಾನದ ಹೆಜ್ಜೆಗೆ ಬರಿಗಾಲು ನಡೆಯುತ್ತೆ, ಆದರೆ ಬರೀ ಸಾಕ್ಸ್ ಹಾಕಿಕೊಂಡು ಕುಣಿಯಬೇಡಿ, ಬೀಳ್ತೀರಿ. ಜೋಡಿಯಲ್ಲಿ ಒಬ್ಬರು ಶೂ, ಒಬ್ಬರು ಬರಿಗಾಲು ಅಂತೂ ಬೇಡವೇ ಬೇಡ. ಬೆರಳು ಜಜ್ಜಿಹೋಗುತ್ತೆ.

ಇನ್ನೊಂದು ದಾರಿಯೂ ಇದೆ. ಹಳೆಯ ಕ್ಯಾನ್ವಾಸ್ ಶೂ ಸಿಕ್ಕರೆ ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯೋರ ಹತ್ತಿರ ಒಯ್ದು, ಅಡಿಗೆ ಒಂದು ತುಂಡು ತರಿ ಚರ್ಮ ಅಂಟಿಸಿ ಹೊಲಿಸಬಹುದು. ಎಷ್ಟೋ ಕಡೆ ನೃತ್ಯಗಾರರು ಮಾಡಿಕೊಳ್ಳೋದು ಇದನ್ನೇ.

ಚರ್ಮ ಬೇಕು, ಚರ್ಮದವರು ಬೇಡ

ಇಲ್ಲಿಗೆ ಬಂದಾಗ ಒಂದು ಮಾತು ಹೇಳಲೇಬೇಕು. ನಮ್ಮ ಶಾಸ್ತ್ರೀಯ ನೃತ್ಯದಲ್ಲಿ ಬರಿಗಾಲು ಪವಿತ್ರ. ವೇದಿಕೆಗೆ ಚಪ್ಪಲಿ ತರೋ ಹಾಗಿಲ್ಲ. ಆದರೆ ಅದೇ ಬರಿಗಾಲಿಗೆ ಕಟ್ಟುವ ಗೆಜ್ಜೆಗಳನ್ನು ಬಹಳ ಸಲ ಪೋಣಿಸಿರೋದು ಚರ್ಮದ ಪಟ್ಟಿಯ ಮೇಲೆ. ಆ ಗೆಜ್ಜೆಗೆ ಪೂಜೆ ಮಾಡ್ತೀವಿ, ಕಣ್ಣಿಗೊತ್ತಿಕೊಳ್ತೀವಿ. ಚರ್ಮ ಹದ ಮಾಡಿ ಜೋಡು ಹೊಲಿದವರಿಗೆ ಮಾತ್ರ, ಮೇಲ್ಜಾತಿ ಕೇರಿ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಿರಿ ಅಂದೆವು. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅವರ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟ ಮದುವೆಗೆ ಕಲ್ಯಾಣ ಕೊಟ್ಟ ಶಿಕ್ಷೆಯೂ ಗೊತ್ತು.

ಬ್ರಿಟಿಷರೂ ಕಡಿಮೆ ಇರಲಿಲ್ಲ. ದರ್ಬಾರಿಗೆ ಬರುವ ಭಾರತೀಯರು ಯೂರೋಪಿನ ಮಾದರಿಯ ಬೂಟು ಹಾಕಿದ್ದರೆ ಬಿಚ್ಚಬೇಕಿಲ್ಲ ಅಂತ 1854ರಲ್ಲಿ ಸರ್ಕಾರ ನಿರ್ಣಯವನ್ನೇ ಹೊರಡಿಸಿತ್ತು. ದೇಶೀ ಜೋಡಾದರೆ ಬಾಗಿಲಲ್ಲೇ ಬಿಡಬೇಕು! ಅದೇ ಬೂಟಿನ ಜೊತೆ ಬಾಲ್‌ರೂಂ ನೃತ್ಯವೂ ನಮ್ಮಲ್ಲಿಗೆ ಬಂತು. ಕೋಲಾರದ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಅಧಿಕಾರಿಗಳು ಕುಣಿದರು. ಚಿನ್ನ ಅಗೆದವರಿಗೆ ಆ ನೆಲದ ಮೇಲೆ ಕಾಲಿಡೋ ಅವಕಾಶ ಇರಲಿಲ್ಲ.

ಶೂ ಕೊಟ್ಟರೆ ಸಾಕಾ?

ರಾಜ್ಯ ಸರ್ಕಾರ ತನ್ನ ಶಾಲೆಯ ಮಕ್ಕಳಿಗೆ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತೆ. 2022-23ರಲ್ಲಿ ಇದಕ್ಕೆ ಇಟ್ಟ ದರ 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಇದು ಒಳ್ಳೆಯ ಯೋಜನೆ, ಅನುಮಾನವೇ ಇಲ್ಲ. ಬರಿಗಾಲಲ್ಲಿ ಶಾಲೆಗೆ ಬರುತ್ತಿದ್ದ ಮಗುವಿಗೆ ಅದು ಮರ್ಯಾದೆಯ ಪ್ರಶ್ನೆ. ಆದರೆ ಆ ಒಂದೇ ಜೊತೆ ಪ್ರಾರ್ಥನೆಗೂ ಆಗಬೇಕು, ಆಟಕ್ಕೂ ಆಗಬೇಕು, ಮಳೆಯಲ್ಲಿ ನಡೆದು ಬರೋಕೂ ಆಗಬೇಕು. ಕುಣಿತಕ್ಕೆ ಅಂತ ಅದರ ಅಡಿ ಬದಲಾಯಿಸಿದರೆ ಮಾರನೇ ದಿನ ಶಾಲೆಗೆ ಏನು ಹಾಕೋದು?

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?’ ಅಂತ ನೀವು ಕೇಳಬಹುದು. ಈ ಸೀಮೆಯ ಜೇನುಕುರುಬ, ಕಾಡುಕುರುಬ ಹಾಡಿಗಳ ಕಥೆ ಗೊತ್ತಿರೋರು ಕೇಳಲೇಬೇಕಾದ ಪ್ರಶ್ನೆ ಅದು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅದೇ ಕಾಲದಲ್ಲಿ ಕಬಿನಿ ಅಣೆಕಟ್ಟು ಎದ್ದಿತು. ಎರಡರ ನಡುವೆ ನೆಲ ಕಳೆದುಕೊಂಡವರು ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರ ಮಕ್ಕಳಿಗೆ ನೃತ್ಯದ ಶೂ ಯಾಕೆ?

ನನ್ನ ಉತ್ತರ ಇಷ್ಟೇ. ಆದಿವಾಸಿ ಮಕ್ಕಳನ್ನು ಸರ್ಕಾರಿ ಸಮಾರಂಭಗಳಲ್ಲಿ ಸೊಪ್ಪು ಕಟ್ಟಿಸಿ ಕುಣಿಸೋಕೆ ನಮಗೆ ಯಾವತ್ತೂ ಸಂಕೋಚ ಆಗಿಲ್ಲ. ಅವರ ಕುಣಿತ ಬೇಕು ನಮಗೆ. ಆದರೆ ಏನು ಕುಣಿಯಬೇಕು, ಯಾವ ಕಾಲಿಗೆ ಏನು ಹಾಕಬೇಕು ಅನ್ನೋ ಆಯ್ಕೆ ಅವರದ್ದಾಗೋದು ಬೇಡ. ಹಿಟ್ಟಿನ ಹಕ್ಕೂ ಆಯ್ಕೆಯ ಹಕ್ಕೂ ಬೇರೆ ಬೇರೆ ಸಾಲಲ್ಲಿ ನಿಲ್ಲೋದಿಲ್ಲ.

ಹಾಗಂತ ಎಲ್ಲ ಶಾಲೆಗೂ ಸ್ವೇಡ್ ಶೂ ಕೊಡಿ ಅಂತ ಹೇಳ್ತಿಲ್ಲ. ಸಿಮೆಂಟ್ ಮೇಲೆ ಒಂದು ಪದರ ಫೋಮ್, ಅದರ ಮೇಲೆ ಅಂಚು ಬಿಗಿದ ನಾಲ್ಕೈದು ಪ್ಲೈವುಡ್ ಹಲಗೆ ಹಾಸಿದರೆ ಕುಣಿಯೋಕೆ ಒಳ್ಳೆಯ ನೆಲ ಸಿದ್ಧ. ವಾಲ್ಟ್ಜ್‌ಗೂ ಆಗುತ್ತೆ, ಕಂಸಾಳೆಗೂ ಆಗುತ್ತೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರೋದು ಪೋಷಕರೇ ತಾನೆ? ಸಮುದಾಯ ಭವನ ಕಟ್ಟೋದು ನಮ್ಮ ಪಂಚಾಯ್ತಿಯೇ ತಾನೆ? ಶೂ ಮಕ್ಕಳ ಕಾಲಿಗೆ ಒಂದು ವರ್ಷದಲ್ಲಿ ಚಿಕ್ಕದಾಗುತ್ತೆ. ನೆಲ ಹತ್ತು ಬ್ಯಾಚ್ ಮಕ್ಕಳಿಗೆ ಆಗುತ್ತೆ.

ಆ ಹುಡುಗಿಗೆ ಸದ್ಯಕ್ಕೆ ಹೇಳೋದು ಇಷ್ಟು: ಮಣ್ಣಿನ ಅಂಗಳ ಗುಡಿಸಿಕೋ, ಗೆಳತಿಗೂ ಚಪ್ಪಲಿ ಬಿಡೋಕೆ ಹೇಳು, ಬರಿಗಾಲಲ್ಲೇ ಶುರು ಮಾಡು. ಮುಂದಿನ ಸಭೆಯಲ್ಲಿ ನಿನ್ನ ಅಪ್ಪನೋ ಅವ್ವನೋ ಎದ್ದು ನಿಂತು, ‘ಮಕ್ಕಳಿಗೆ ಕುಣಿಯೋಕೆ ನೆಲ ಎಲ್ಲಿದೆ?’ ಅಂತ ಕೇಳಲಿ.