ತಾಳ ತಪ್ಪಿದ ಎದೆ

ಅಲ್ಲಮಪ್ರಭುವನ್ನು ಮದ್ದಳೆಗಾರನೆಂದು ಹರಿಹರನೂ ವರ್ಣಿಸಿದ್ದಾನೆ, ಚಾಮರಸನೂ ವರ್ಣಿಸಿದ್ದಾನೆ. ಆತನ ಬಳ್ಳಿಗಾವಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇರುವುದರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ತಾಳ-ಲಯಗಳ ಮಾತು ಸಹಜವಾಗಿಯೇ ಬರುತ್ತದೆ. ಮನುಷ್ಯನ ಎದೆಯೂ ಒಂದು ಮದ್ದಳೆಯೇ ಎಂದು ನಾನು ಅಲಂಕಾರಕ್ಕಾಗಿ ಹೇಳುತ್ತಿದ್ದುದುಂಟು. ಸೊರಬದ ನಮ್ಮ ಸೋದರಮಾವನವರಿಗೆ ಕಾಯಿಲೆಯಾದ ಮೇಲೆ ಅದು ಬರಿಯ ಅಲಂಕಾರವಾಗಿ ಉಳಿಯಲಿಲ್ಲ.

ಅವರ ಕಾಯಿಲೆಗೆ ಎರಡು ಮುಖ. ಒಂದು, ಡಾಕ್ಟರುಗಳು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ಹೃತ್ಕರ್ಣಗಳ ಕಂಪನ. ಇನ್ನೊಂದು, ಹೃದಯದ ದೌರ್ಬಲ್ಯ. ಆರೋಗ್ಯವಂತರಲ್ಲಿ ಬಲ ಹೃತ್ಕರ್ಣದ ಮೇಲ್ಭಾಗದ ಒಂದು ಸಣ್ಣ ಗಂಟು ತಾಳ ಹಾಕುತ್ತದೆ. ಉಳಿದ ಹೃದಯ ಅದನ್ನು ಅನುಸರಿಸುತ್ತದೆ. ಈ ರೋಗದಲ್ಲಿ ಮೇಲಿನ ಕೋಣೆಗಳ ಉದ್ದಗಲಕ್ಕೂ ವಿದ್ಯುತ್ತಿನ ಅಲೆಗಳೆದ್ದು, ಕೋಣೆಗಳು ಸಂಕುಚಿಸುವುದನ್ನು ಬಿಟ್ಟು ಬರಿದೆ ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹರಿದರೆ ಲಕ್ವ. ಕೆಳಗಿನ ಕೋಣೆಗಳು ಎಡೆಬಿಡದೆ ವೇಗವಾಗಿ ಬಡಿದು ದಣಿಯುತ್ತವೆ. ದಣಿದ ಹೃದಯದಲ್ಲಿ ಒತ್ತಡ ಹೆಚ್ಚಿ ಮೇಲಿನ ಕೋಣೆಗಳು ಹಿಗ್ಗುತ್ತವೆ. ಹಿಗ್ಗಿದಷ್ಟೂ ನಡುಕ ಹೆಚ್ಚು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬೀಜವೃಕ್ಷ ನ್ಯಾಯ. ಮಾವನವರು ಅಡಕೆ ಸುಲಿಯುವ ಕಾಲದಲ್ಲಿ ಚಪ್ಪರದ ಕಂಬಕ್ಕೆ ಒರಗಿ ಕುಳಿತುಬಿಡುತ್ತಿದ್ದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಸಾಲುತ್ತಿರಲಿಲ್ಲ.

1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ತಾಳ ಕೆಡಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳಲ್ಲಿ ಹುಟ್ಟುತ್ತವೆಂದು ತೋರಿಸಿದರು. ಇಂದಿನ ಚಿಕಿತ್ಸೆಯ ತಳಹದಿ ಇದೇ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಹೃದಯದೊಳಕ್ಕೆ ಒಯ್ದು, ಆ ನಾಳಗಳ ಬಾಯಿಯ ಸುತ್ತ ಶಾಖದಿಂದ ಸುಟ್ಟೋ ಶೀತದಿಂದ ಮರಗಟ್ಟಿಸಿಯೋ ಒಂದು ಗೆರೆ ಎಳೆಯುತ್ತಾರೆ. ಕಿಡಿ ಆ ಗೆರೆ ದಾಟದು. ಕಾಡುಹಂದಿಗೆ ಬೇಲಿ ಕಟ್ಟಿದಂತೆ ಎನ್ನಬಹುದು. ಮಂಗನ ಉಪಮೆ ಇಲ್ಲಿ ಸಲ್ಲದು, ಮಲೆನಾಡಿನ ಮಂಗ ಯಾವ ಬೇಲಿಗೂ ಅಂಜಿದ್ದಿಲ್ಲ.

ಇದರಿಂದ ಆಯುಸ್ಸು ಹೆಚ್ಚುವುದೇ? ಮನೆಯವರೆಲ್ಲರ ಪ್ರಶ್ನೆ ಅದೊಂದೇ. 2018ರಲ್ಲಿ ಪ್ರಕಟವಾದ ಕ್ಯಾಸಲ್-ಎಎಫ್ ಪರೀಕ್ಷೆಯಲ್ಲಿ ಇವೆರಡೂ ಕಾಯಿಲೆಯಿದ್ದ 363 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಮೂರು ವರ್ಷಗಳಿಗೆ ಮೇಲ್ಪಟ್ಟ ಅವಧಿಯಲ್ಲಿ ಔಷಧಿಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 25 ಮಂದಿ ತೀರಿಕೊಂಡರು. ಕೊಳವೆಯ ಚಿಕಿತ್ಸೆ ಪಡೆದವರಲ್ಲಿ 13ಕ್ಕೆ ತುಸು ಹೆಚ್ಚು. 2023ರಲ್ಲಿ, ಹೃದಯದ ಕಸಿಗೆಂದು ಕಳುಹಿಸಲ್ಪಟ್ಟಿದ್ದ 194 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದ ಪರೀಕ್ಷೆಯಲ್ಲಿ, ಔಷಧಿಯ ಗುಂಪಿನಲ್ಲಿ 19 ಸಾವುಗಳಾದರೆ ಕೊಳವೆಯ ಗುಂಪಿನಲ್ಲಿ 6. ಆದರೆ 2022ರ ರಾಫ್ಟ್-ಎಎಫ್ ಪರೀಕ್ಷೆಯ 411 ಮಂದಿಯಲ್ಲಿ ಕಂಡ ಅಂತರ, ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಮೊದಲಿನದರಲ್ಲಿಯೂ ಮೂರು ಸಾವಿರ ಮಂದಿಯನ್ನು ನೋಡಿ 363 ಮಂದಿಯನ್ನು ಆರಿಸಿದ್ದು. ಆ ಫಲ ಎಲ್ಲರಿಗೂ ದೊರಕೀತೆಂದು ಓದತಕ್ಕದ್ದಲ್ಲ.

"ಸುಟ್ಟದ್ದು ಮತ್ತೆ ಚಿಗುರುವುದಿಲ್ಲವೇ, ಡಾಕ್ಟರೇ?" ಎಂದು ಅತ್ತೆ ಬೆಂಗಳೂರಿನಲ್ಲಿ ಕೇಳಿದರು. "ಚಿಗುರಬಹುದಮ್ಮ. ಆಗ ಇನ್ನೊಮ್ಮೆ ಮಾಡಬೇಕಾದೀತು" ಎಂದರು ಅವರು. ಹೃದಯದ ಸುತ್ತ ರಕ್ತ ತುಂಬುವ, ಲಕ್ವ ಹೊಡೆಯುವ ಅಪಾಯ ಅಪರೂಪವಾದರೂ ಉಂಟೆಂಬುದನ್ನೂ ಮುಚ್ಚಿಡಲಿಲ್ಲ. ಆ ನೇರ ಮಾತೇ ಅತ್ತೆಗೆ ಧೈರ್ಯ ಕೊಟ್ಟಿತೆಂದು ತೋರುತ್ತದೆ. ಚಿಕಿತ್ಸೆಯಾಗಿ ವರ್ಷ ಕಳೆದಿದೆ. ಎರಡನೆಯ ತಿಂಗಳಲ್ಲಿ ಒಮ್ಮೆ ತಾಳ ತಪ್ಪಿ, ತಾನಾಗಿ ಸರಿಹೋಯಿತು. ಮಾವನವರು ಈಗ ಕೆರೆಯ ಏರಿಯವರೆಗೆ ನಡೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ಮಾತ್ರ ಬಿಡುವಂತಿಲ್ಲ.

ನನ್ನ ಚಿಂತೆ ಬೇರೆಯವರದು. ನಮ್ಮ ದೇಶದಲ್ಲಿ ಈ ಕಂಪನಕ್ಕೆ ಗುರಿಯಾದವರಲ್ಲಿ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾದವರು ಅನೇಕರು. ವಯಸ್ಸೂ ಚಿಕ್ಕದು, ಹೆಂಗಸರೇ ಹೆಚ್ಚು. ಮೇಲಿನ ಅಂಕಿಗಳು ಅವರನ್ನು ಕುರಿತವಲ್ಲ. ಅವರಿಗೆ ಮೊದಲು ಕವಾಟದ ಚಿಕಿತ್ಸೆಯಾಗಬೇಕು. ಹೊಸ ಗುಳಿಗೆಯೂ ಅವರಿಗೆ ಒದಗಿಬರಲಿಲ್ಲ: 2022ರ ಇನ್‌ವಿಕ್ಟಸ್ ಪರೀಕ್ಷೆಯಲ್ಲಿ, 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳಲ್ಲಿ, ಹೊಸ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಗುಂಪಿನ ಹಳೆಯ ಮದ್ದೇ ಹೆಚ್ಚು ಜೀವ ಉಳಿಸಿತು. ಆದರೆ ಅದಕ್ಕೆ ಮತ್ತೆ ಮತ್ತೆ ರಕ್ತಪರೀಕ್ಷೆ ಬೇಕು. ಸೊಪ್ಪಿನ ಊಟ ಒಂದು ವಾರ ಹೆಚ್ಚಿ ಇನ್ನೊಂದು ವಾರ ತಗ್ಗಿದರೆ ಮದ್ದಿನ ಬಲ ಏರುಪೇರಾಗುತ್ತದೆ. ಮಳೆಗಾಲದಲ್ಲಿ ಹಿತ್ತಲ ಸೊಪ್ಪಿನ ಸಾರನ್ನೇ ನೆಚ್ಚಿದ ಮನೆಯಿಂದ, ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಪೇಟೆಗೆ ಬಂದು ರಕ್ತ ಕೊಡಬೇಕಾದ ಹೆಂಗಸು ಆ ಲೆಕ್ಕವನ್ನು ಎಷ್ಟು ತಿಂಗಳು ಹಿಡಿದಾಳು?